ಸಾಸಿವೆ ಡಬ್ಬಿಯಲ್ಲಿದ್ದ ಮಾತ್ರೆ

ನಮ್ಮೂರಿನ ನರ್ಸಮ್ಮನ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಇಂಜೆಕ್ಷನ್ ಸೀಸೆಯ ಕತ್ತು ಮುರಿಯುವಾಗ ಗಾಜು ಹೊಕ್ಕು ಹಾಗಾದದ್ದಂತೆ. ಆ ಮೊಂಡು ಬೆರಳಲ್ಲೇ ಮಾತ್ರೆಯ ಹಾಳೆಯನ್ನು ಒತ್ತಿ ತೋರಿಸುತ್ತ, ‘ದಿನಕ್ಕೊಂದು, ಒಂದೇ ಹೊತ್ಗೆ’ ಅನ್ನುತ್ತಿದ್ದರು. ಬೆಸಗರಹಳ್ಳಿ ಕಡೆಯ ನಮ್ಮ ಊರಿಗೆ ಬಸ್ಸಲ್ಲಿ ಬಂದು, ಚೀಲ ಹೆಗಲಿಗೇರಿಸಿ ಮನೆಮನೆ ಸುತ್ತುವ ಸರ್ಕಾರಿ ನರ್ಸು. ಬಾಯಿ ಜೋರು. ಜಗಲಿಯ ಮೇಲೆ ಗಂಡಸರಿದ್ದರೂ ‘ಏನವ್ವ, ಈ ತಿಂಗ್ಳು ಜಾಸ್ತಿ ಓಯ್ತಾ?’ ಎಂದು ಕೇಳಿಬಿಡುವರು. ನಾನಂತೂ ಅವರನ್ನು ಕಂಡರೆ ಬಾಗಿಲ ಹಿಂದೆ ಸರಿಯುತ್ತಿದ್ದೆ.

ಮೊದಲ ಹೆರಿಗೆಯಲ್ಲಿ ನಾನು ಉಳಿದದ್ದೇ ಹೆಚ್ಚು. ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಏರಿಸಿ, ಮೂರು ವರ್ಷ ಇನ್ನೊಂದು ಬೇಡವೆಂದು ಡಾಕ್ಟರು ಹೇಳಿದ್ದರು. ಹುಟ್ಟಿದ್ದು ಹೆಣ್ಣು. ಅತ್ತೆಗೆ ಬೇಗನೆ ಗಂಡು ಬೇಕಿತ್ತು; ಗಂಡ ತಾಯಿಗೆ ಎದುರಾಡುವವನಲ್ಲ. ಮಗಳಿಗೆ ಹಾಲು ಬಿಡಿಸಿದ ಮೇಲೆ ನಾನೇ ನರ್ಸಮ್ಮನ ಮುಂದೆ ಅತ್ತು ಬಸುರಾಗದ ಹಾಗೆ ತಡೆಯುವ ಮಾತ್ರೆ ಕೇಳಿದೆ. ಬಿಪಿ ನೋಡಿ ಕೊಟ್ಟರು. ಅಡುಗೆಮನೆಯ ಸಾಸಿವೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ.

ಎರಡನೇ ತಿಂಗಳು, ಹಾಳೆ ಇನ್ನೂ ಅರ್ಧ ಇರುವಾಗಲೇ, ಲಂಗದಲ್ಲಿ ಕಲೆ ಕಂಡಿತು. ಒಗೆಯುವ ಕಲ್ಲಿನ ಹತ್ತಿರ ಅತ್ತೆ ನೋಡಿದರು. ನಮ್ಮ ಮನೆಯಲ್ಲಿ ಹೊರಗಾದವರು ಮೂರು ದಿನ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹಿತ್ತಿಲ ಕೋಣೆಯಲ್ಲಿ ಕೂತೆ. ನಾಲ್ಕನೇ ದಿನ ಮಿಂದು ಒಳಗೆ ಹೋದೆ. ವಾರದೊಳಗೆ ಮತ್ತೆ ಕಲೆ, ಮತ್ತೆ ಕೋಣೆ. ಹೆರಿಗೆಯಲ್ಲಿ ಆದ ಹಾಗೇ ರಕ್ತ ಹೋಗಿ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ನರ್ಸಮ್ಮ ಹಿತ್ತಿಲಿಗೇ ಬಂದರು.

‘ಬರೀ ಕಲೆನಾ, ಸುರೀತದಾ?’

‘ಕಲೆ ಅಷ್ಟೇ.’

‘ಮೊದ್ಲೆರಡು ಮೂರು ತಿಂಗ್ಳು ಕೆಲವ್ರಿಗೆ ಇಂಗಾಯ್ತದೆ, ಎದರ್ಕೋಬ್ಯಾಡ. ದಿನಾ ನುಂಗ್ತಿದ್ದೀಯಾ?’

‘ಒಳಗಿದ್ದ ದಿನ ನುಂಗಿದೀನಿ.’

‘ಒಳಗಿದ್ದ ದಿನ ಅಂದ್ರೆ? ಎಲ್ಲಿಕ್ಕಿದ್ದೀಯೆ?’

‘ಸಾಸಿವೆ ಡಬ್ಬೀಲಿ.’

ಅವರು ಹಣೆ ಚಚ್ಚಿಕೊಂಡರು. ‘ಅಯ್ಯೋ ನನ್ನವ್ವ, ಕಲೆ ಕಂಡ್ರೆ ಒಳೀಕ್ ಬುಡಾಕಿಲ್ಲ. ಒಳೀಕ್ ಬುಡದಿದ್ರೆ ಮಾತ್ರೆ ಇಲ್ಲ. ಮಾತ್ರೆ ತಪ್ಪಿದ್ರೆ ಮತ್ತೆ ಕಲೆ. ಬಸುರಾದ್ರೆ ಏನ್ ಗತಿ?’

ಬಸುರಿಲ್ಲವೆಂದು ಪರೀಕ್ಷೆ ಮಾಡಿ ನೋಡಿದರು. ಮಾತ್ರೆಯ ಹೊಸ ಹಾಳೆಯ ಜೊತೆಗೆ ಒಂದು ವಾರಕ್ಕೆ ನಿರೋಧ್ ಕೊಟ್ಟರು. ‘ಮಾತ್ರೆನ ಪ್ಯಾಡಿನ ಪೊಟ್ಟಣದೊಳ್ಗೆ ಮಡಗು. ಅದಕ್ಕೆ ನಿಮ್ಮತ್ತೆ ಸಾಯೋಗಂಟ ಕೈ ಹಾಕಾಕಿಲ್ಲ’ ಅಂದರು. ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಕಲೆ ನಿಂತಿತು.

ಆದರೆ ಡಬ್ಬಿಯಲ್ಲಿದ್ದ ಹಳೇ ಹಾಳೆಯನ್ನು ಮರೆತಿದ್ದೆ. ಒಗ್ಗರಣೆಗೆ ಕೈ ಹಾಕಿದ ಅತ್ತೆಗೆ ಸಿಕ್ಕಿತು. ಅದನ್ನು ಹಿಡಿದು ಬೀದಿಗೆ ಬಂದು, ‘ನಮ್ಮನೆ ವಂಸ ನಿಲ್ಸಾಕೆ ನಿಂಗ್ಯಾರೇ ಯೋಳ್ದೋರು?’ ಎಂದು ನರ್ಸಮ್ಮನನ್ನು ತಡೆದರು. ಜನ ಸೇರಿತು. ನಾನು ಬಾಗಿಲಲ್ಲಿ ನಿಂತಿದ್ದೆ. ನರ್ಸಮ್ಮ ನನ್ನ ಮುಖ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ‘ನಾನೇ ಬಲವಂತ ಮಾಡ್ದೆ ಕಣಮ್ಮ, ಅವ್ಳು ಬ್ಯಾಡ ಅಂದ್ಲು’ ಅಂದರು. ನಾನು ಬಾಗಿಲ ಹಿಂದೆ ಸರಿದೆ.

ಅಂದಿನಿಂದ ನಮ್ಮ ಬೀದಿಯಲ್ಲಿ ಅವರಿಗೆ ಯಾರೂ ಬಾಗಿಲು ತೆರೆಯಲಿಲ್ಲ, ಕುಡಿಯಲು ನೀರೂ ಕೊಡಲಿಲ್ಲ. ಆದರೂ ಅಂಗನವಾಡಿಯಲ್ಲಿ ಮಕ್ಕಳ ತೂಕ ಹಾಕುವ ದಿನ, ಯಾರೂ ನೋಡದಂತೆ, ನನ್ನ ಮಾತ್ರೆ ನನ್ನ ಕೈಗೆ ಬರುತ್ತಿತ್ತು. ಮೂರು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ.

ಹೋದ ತಿಂಗಳು ನರ್ಸಮ್ಮ ಮಳವಳ್ಳಿಯ ತಮ್ಮನ ಮನೆಯಲ್ಲಿ ತೀರಿಕೊಂಡರು. ಹೋಗಿ ನೋಡಿ ಬಂದೆ. ಎದೆಯ ಮೇಲಿಟ್ಟ ಕೈಯಲ್ಲಿ ಅದೇ ಮೊಂಡು ಹೆಬ್ಬೆರಳು. ಮನೆಗೆ ಬಂದು ಮಿಂದವಳೇ, ರಾಗಿ ಕೇರುತ್ತಿದ್ದ ಅತ್ತೆಯ ಮುಂದೆ ಕೂತೆ.

‘ಅತ್ತೆ, ಅವತ್ತು ಮಾತ್ರೆ ಕೇಳಿದ್ದು ನಾನೇ. ಅವರು ಬಲವಂತ ಮಾಡಿರಲಿಲ್ಲ.’

ಅತ್ತೆ ಮೊರ ನಿಲ್ಲಿಸಲಿಲ್ಲ. ‘ಗೊತ್ತಿತ್ತು ಕಣವ್ವ. ಅವತ್ತೇ ಗೊತ್ತಿತ್ತು. ಸೊಸೆನ ಬಯ್ಯೋಕಿಂತ ಅವ್ಳನ್ನ ಬಯ್ಯೋದು ಸುಲಭ ಆಗಿತ್ತು’ ಅಂದರು.