ಎಮ್ಮೆ ದಾರಿಗೆ ನಾನು ಹಾಕಿದ ಬೇಲಿ

ಕೊರೊನಾ ಮುಗಿದ ಮರುವರ್ಷದ ಮಾತು. ಡಾಬಕಾ ಎಂಬ ಹಳ್ಳಿಯಲ್ಲಿ ಕಲ್ಲು ಹೊತ್ತು ದುಡಿಮೆ ಶುರು ಮಾಡಿದ ನಾನು ಆ ಹೊತ್ತಿಗೆ ಬೀದರಿನಲ್ಲಿ ಗುತ್ತಿಗೆದಾರನಾಗಿದ್ದೆ. ಭಾಲ್ಕಿ ರಸ್ತೆ ಬದಿಯ ಒಂದು ಕೆರೆಯ ದಂಡೆಯಲ್ಲಿ ನಿಸರ್ಗ ಉದ್ಯಾನ ಮಾಡುವುದೆಂದಾಗಿ, ಎರಡು ಕಿಲೋಮೀಟರ್ ವಾಕಿಂಗ್ ಟ್ರ್ಯಾಕಿನ ಕೆಲಸ ನನಗೆ ಬಂತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸರ್ವೆ ನಡೆದದ್ದು ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ನಮ್ಮ ಕಡೆಯ ಕೆರೆ ಎಷ್ಟು ಉಳಿದಿರುತ್ತದೆಂದು ಇಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಕೆಲಸ ಮಾಡಿಸುವ ಎಂಜಿನಿಯರ್ ಕೂಡ ಇದೇ ಜಿಲ್ಲೆಯ ಔರಾದ ಕಡೆಯವರೇ. ಆದರೂ ಆ ದಿನ ಕಂಡ ನೀರಿನ ಅಂಚಿನಿಂದ ಹದಿನೈದು ಅಡಿ ಬಿಟ್ಟು ಸುಣ್ಣದ ಗೆರೆ ಎಳೆಸಿದರು. ಕೆರೆ ತುಂಬಿದಾಗ ನೀರು ನಿಲ್ಲುವ ಮಟ್ಟಕ್ಕೆ ಎಫ್‌ಟಿಎಲ್ ಎನ್ನುತ್ತಾರೆ. ಅದನ್ನು ಯಾರೂ ನೋಡಲಿಲ್ಲ.

ಗೆರೆಗಿಂತ ಮೇಲೆ, ಜಾಲಿ ಗಿಡಗಳ ನಡುವೆ ಎಮ್ಮೆಗಳು ತುಳಿದು ಮಾಡಿದ ಕಾಲುದಾರಿ ಇತ್ತು. ಪಕ್ಕದ ಓಣಿಯ ಕಮಳಾಬಾಯಿಯ ನಾಲ್ಕು ಎಮ್ಮೆಗಳು ಅದೇ ದಾರಿಯಲ್ಲಿ ನೀರಿಗಿಳಿಯುತ್ತಿದ್ದವು. ಅವುಗಳ ಹಾಲಿನ ಮೇಲೆಯೇ ಅವಳ ಮನೆ ನಡೆಯುತ್ತಿತ್ತು. ನಕ್ಷೆ ಮಂಜೂರಾಗಿ ಕೆಲಸ ಶುರುವಾದ ದಿನ ಸುಣ್ಣದ ಗೆರೆ ನೋಡಿ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

“ಸಾಹೇಬ್ರ, ಇದು ನಡೀಲಿಕ್ಕ ಮಾಡ್ಲತ್ತೀರೋ, ಈಸ್ಲಿಕ್ಕ ಮಾಡ್ಲತ್ತೀರೋ? ಶ್ರಾವಣದಾಗ ನೀರು ಆ ಜಾಲಿ ಬುಡಕ್ಕ ಬರ್ತದ್ರಿ.”

ಎಂಜಿನಿಯರ್ ನಕ್ಕರು. “ನಕ್ಷಾ ಮಂಜೂರ್ ಆಗ್ಯಾದ ಬಾಯಿ. ನಿನ್ನ ಎಮ್ಮಿಗೆ ಕೇಳಿ ಬದಲು ಮಾಡ್ಲಿಕ್ಕ ಬರಲ್ಲ.”

“ಎಮ್ಮಿಗೆ ಕೇಳಿದ್ರ ಛಲೋನೇ ಇತ್ತು,” ಅಂದಳು.

ಜಾಲಿಯ ಬುಡದಲ್ಲಿ ಹಳೆಯ ಕೆಸರಿನ ಗೆರೆ ಇತ್ತು. ನಾನು ಕಣ್ಣಾರೆ ಕಂಡೆ, ಬಾಯಿ ಬಿಡಲಿಲ್ಲ.

ನಡೆಯುವವರ ಕಾಲಿಗೆ ಸಗಣಿ ತಾಗಬಾರದೆಂದು ನಕ್ಷೆಯಲ್ಲಿ ಟ್ರ್ಯಾಕಿನ ಉದ್ದಕ್ಕೂ ತಂತಿ ಬೇಲಿಯೂ ಇತ್ತು. ಕಮಳಾಬಾಯಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: ಎಮ್ಮೆ ಹಾಯುವಷ್ಟು, ಐದಡಿ ಜಾಗ ಬಿಡಿ. ನಾನು ಎಂಜಿನಿಯರ್‌ಗೆ ಹೇಳಿದೆ, ಅವರು ಆಗಲ್ಲವೆಂದು ತಲೆಯಾಡಿಸಿದರು, ಸುಮ್ಮನಾದೆ. ದಾರಿಗೆ ಹಾಸುವ ಒಂದು ಗಾಡಿ ಮುರಂ ಮಣ್ಣಿಗೂ ಮೂರು ಸಲ ಚೌಕಾಶಿ ಮಾಡುವ ನಾನು, ಅವಳ ಐದಡಿಗೆ ಕೇಳಿದ್ದು ಒಂದೇ ಸಲ. ಮುಂದಿನ ಕೆಲಸವೂ ಅವರ ಕೈಯಲ್ಲೇ ಇತ್ತಲ್ಲ.

ಬೇಲಿ ಬಂತು. ಎಮ್ಮೆಗಳು ಡಾಂಬರು ರಸ್ತೆ ಬಳಸಿ ಆಚೆ ದಂಡೆಗೆ ಹೋಗಬೇಕಾಯಿತು. ವಾರದೊಳಗೆ ಒಂದು ಎಮ್ಮೆ ಲಾರಿಗೆ ಸಿಕ್ಕಿ ಸತ್ತಿತು. ಉಳಿದ ಮೂರನ್ನು ಅವಳು ಭಾಲ್ಕಿ ಸಂತೆಗೆ ಹೊಡೆದು ಮಾರಿದಳು.

ಶ್ರಾವಣದಲ್ಲಿ ನೀರು ಜಾಲಿ ಬುಡ ಮುಟ್ಟಿತು. ಟ್ರ್ಯಾಕು ಮೊಣಕಾಲುದ್ದ ನೀರಿನಲ್ಲಿ ಮುಳುಗಿತು. ಅದೇ ಎಂಜಿನಿಯರ್ ಫೋನು ಮಾಡಿದರು: “ಕಾಕಾ, ಮ್ಯಾಲಿನ ಎಮ್ಮಿ ದಾರಿಗೆ ಮುರಂ ಹಾಕ್ರಿ. ಅದನ್ನೇ ಟ್ರ್ಯಾಕ್ ಮಾಡೋಣ.”

“ಬೇಲಿ ಕಿತ್ತು ಐದಡಿ ಬಿಡ್ತೀರಂದ್ರ ಮಾಡ್ತೀನ್ರಿ. ಇಲ್ಲಾಂದ್ರ ಬ್ಯಾರೆಯವರನ್ನ ನೋಡ್ರಿ.”

“ಬಿಡ್ರಿ, ಅದೇನ್ ದೊಡ್ಡ ಮಾತು,” ಅಂದರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಅದು ದೊಡ್ಡ ಮಾತೇ ಆಗಿರಲಿಲ್ಲ.

ಈ ಕಸುಬಿಗೆ ಬರುವವರು ಒಂದು ಮಾತು ಕೇಳಿ. ಬೇಸಿಗೆಯಲ್ಲಿ ಬರೆದ ನಕ್ಷೆಗೆ ಸಹಿ ಹಾಕುವ ಮೊದಲು, ಮಳೆಗಾಲದಲ್ಲಿ ಅಲ್ಲಿ ನಡೆದವರನ್ನು ಹುಡುಕಿ ಕೇಳಿ. ಚೌಕಾಶಿ ಮಾಡುವುದಿದ್ದರೆ ಆವತ್ತೇ ಮಾಡಿ. ನಿಮ್ಮ ಮಾತಿಗೆ ಬೆಲೆಯಿರುವುದು ಆವತ್ತು.

ನಾನು ಕಮಳಾಬಾಯಿಯ ಮನೆಗೆ ಹೋಗಿ ಬೇಲಿ ಕಿತ್ತ ಸುದ್ದಿ ಹೇಳಿದೆ. ಅವಳು ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದಳು. ಕಸಬರಿಗೆ ನಿಲ್ಲಿಸಲಿಲ್ಲ.

“ಈಗ ನಾನೇ ಹೋಗಿ ನೀರಾಗ ಮಲಗ್ಲೇನ್ರಿ?”