ಗಂಧೆಯಿಲ್ಲದ ಪಿತ್ತ

ಗಾಜಿನ ಬಳೆ ಸದ್ದು ಮಾಡಿದರೆ ನಿಮಗೆಲ್ಲ ಹಬ್ಬ. ನನಗೆ ಅದರೊಳಗೆ ಇನ್ನೊಂದು ಸದ್ದು ಕೇಳುತ್ತದೆ. ಘಲ್ಲೆನ್ನುವುದಲ್ಲ, ಕಿರಿಕಿರಿ, ಕಿರಿಕಿರಿ, ಬಿಡುವೇ ಇಲ್ಲದ್ದು. ಸೀಮಂತ ಮುಗಿಸಿ ಹೆರಿಗೆಗೆ ಬಂದಿದ್ದ ಅಕ್ಕ, ಕೈತುಂಬ ಹಸಿರು ಬಳೆ ತೊಟ್ಟು, ಅಂಗೈ ಕೆರೆದುಕೊಳ್ಳುತ್ತಿದ್ದ ಸದ್ದು.

ನಾನಾಗ ಕಾನ್ವೆಂಟ್ ಹುಡುಗಿ. "ಕಡಲೆಕಾಯಿ ತಿಂದು ಪಿತ್ತ ಮಾಡ್ಕೊಂಡಿದಾಳೆ" ಎಂದರು ದೊಡ್ಡವರು. ಕಂಬಳಿ ಹೊದಿಸಿದರು. ಮಗು ಉಸಿರಿಲ್ಲದೆ ಹುಟ್ಟಿತು. ಅಕ್ಕ ಮತ್ತೆ ಬಸುರಿಯಾಗಲಿಲ್ಲ. ಆ ಕಡಲೆಕಾಯಿಯ ಮಾತು ಮಾತ್ರ ಅವಳನ್ನು ಬಿಡಲಿಲ್ಲ.

ಈ ಯುಗಾದಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಅದೇ ಸದ್ದು! ಯಾದವಗಿರಿಯ ನಮ್ಮ ಮನೆಯ ಮಹಡಿಯಿಂದ. ಅಲ್ಲಿ ಬಾಡಿಗೆಗಿರುವ ಚೈತ್ರಾಗೆ ಆಗಷ್ಟೇ ಸೀಮಂತವಾಗಿತ್ತು. ಮೆಟ್ಟಿಲು ಹತ್ತಿದೆ (ಮಂಡಿನೋವಿನ ಡಾಕ್ಟರು ಇದನ್ನು ಓದದಿರಲಿ).

ಅವಳ ಅತ್ತೆ ಪುಟ್ಟಮ್ಮ ಸೊಸೆಯ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು.

"ಪಿತ್ತ ಆಗ್ಯದೆ ಕಣಮ್ಮ. ಕಡ್ಲೆಕಾಯ್ ಮುಟ್ಬೇಡ ಅಂದ್ರೆ ಕೇಳ್ತಾಳಾ? ಕಂಬ್ಳಿ ಸುತ್ತುದ್ರೆ ಒಂಟೋಯ್ತದೆ ಬುಡಿ."

"ಪಿತ್ತ ಆದರೆ ಗಂಧೆ ಏಳಬೇಕಲ್ಲ ಪುಟ್ಟಮ್ಮ. ಎಲ್ಲಿದೆ ತೋರಿಸಿ?"

ಪುಟ್ಟಮ್ಮ ಸೊಸೆಯ ಕೈ ತಿರುಗಿಸಿ ನೋಡಿದರು. ಒಂದು ದದ್ದೂ ಇಲ್ಲ. ಬರೀ ಉಗುರಿನ ಗೆರೆ.

"ಅಂಗಾಲೂ ತುರಿಸತ್ತೆ ಆಂಟಿ," ಎಂದಳು ಚೈತ್ರಾ.

"ಮೈ ಡಿಯರ್, ಚಪ್ಪಲಿ ಹಾಕ್ಕೋ. ಹೊರಡು."

"ಈ ಬಿಸ್ಲಲ್ಲಾ?" ಎಂದರು ಪುಟ್ಟಮ್ಮ.

"ಈ ಬಿಸಿಲಲ್ಲೇ. ನೀವೂ ಬನ್ನಿ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಹುಡುಗಿ ಹೇಳಿದ್ದೇನು ಗೊತ್ತೆ? "ಪಿತ್ತಾನೇ."

ಪುಟ್ಟಮ್ಮ ನನ್ನತ್ತ ನೋಡಿದ ನೋಟ ಇದೆಯಲ್ಲ, ಬರೆಯಲಾರೆ!

ಪಿತ್ತರಸದಲ್ಲಿ ಆಸಿಡ್‌ಗಳಿರುತ್ತವಂತೆ. ಪಾತ್ರೆ ತೊಳೆಯುವ ಸೋಪಿನ ಗುಣ: ಒಂದು ಮೈ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಕರುಳಿಗಿಳಿದು ಜಿಡ್ಡು ಕರಗಿಸಬೇಕಾದ ಇವು ಕೆಲವು ಬಸುರಿಯರಲ್ಲಿ ಲಿವರ್ ದಾಟಲಾರದೆ ರಕ್ತಕ್ಕೆ ಸೇರುತ್ತವೆ. ಆಗ ಗಂಧೆಯಿಲ್ಲದ ತುರಿಕೆ. ಬಹಳ ಏರಿದರೆ ಮಗುವಿನ ಜೀವಕ್ಕೇ ಅಪಾಯ.

ಕೊಟ್ಟ ಮಾತ್ರೆಯೂ ಒಂದು ಪಿತ್ತದ ಆಸಿಡ್ಡೇ, ಸಾಧು ಸ್ವಭಾವದ್ದು. ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಲ್ಯಾಟಿನ್ನಿನಲ್ಲಿ ಅರ್ಸಾ ಎಂದರೆ ಕರಡಿ ಎಂದು ನಕ್ಷತ್ರಪಟದ ಮುಂದೆ ನಿಲ್ಲಿಸಿ ಕಲಿಸಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್. ಬಾಯಿ ಸುಮ್ಮನಿರಬೇಕಲ್ಲ? ಹೇಳಿಬಿಟ್ಟೆ.

"ಕರಡಿ ಪಿತ್ತವಾ? ನಮ್ ಸೊಸೇಗಾ?" ಪುಟ್ಟಮ್ಮ ಎದ್ದೇ ನಿಂತರು.

"ಮೊದಲು ಸಿಕ್ಕಿದ್ದು ಕರಡೀಲಿ ಅಮ್ಮ. ಈಗ ಫ್ಯಾಕ್ಟರೀಲಿ ಮಾಡ್ತಾರೆ," ಡಾಕ್ಟರ್ ನಕ್ಕರು. ಪಿತ್ತದ ಕಲ್ಲು ಕರಗಿಸಲು ಅದು ಹಳೆಯ ಔಷಧ. ನರದ ಕಾಯಿಲೆಗಳಿಗೂ ಆದೀತೇ ಎಂದು ಸಂಶೋಧಕರು ನೋಡುತ್ತಿದ್ದಾರಂತೆ. "ಆದರೆ ಇದರಿಂದ ಮಗೂಗೆ ಎಷ್ಟು ಉಪಯೋಗ ಅನ್ನೋದು ಇನ್ನೂ ವಾದದಲ್ಲೇ ಇದೆ. ಮಾತ್ರೆ ಕೊಟ್ಟು ಸುಮ್ಮನೆ ಕೂರೋಲ್ಲ. ರಕ್ತ ನೋಡ್ತಾ ಇರ್ತೀವಿ, ಬೇಕಾದ್ರೆ ಬೇಗ ಹೆರಿಗೆ ಮಾಡಿಸ್ತೀವಿ."

ಹಾಗೇ ಆಯಿತು. ಸ್ವಲ್ಪ ಮುಂಚೆಯೇ ಹುಟ್ಟಿದ ಹೆಣ್ಣುಮಗು ಈಗ ಮಹಡಿಯ ಮೇಲೆ ಕಿರುಚುತ್ತಿದೆ. ಸದ್ದು ಎಂದರೆ ಅದು! "ನಮ್ ಕರಡಿಮರಿ" ಎಂದು ಪುಟ್ಟಮ್ಮ ಬೀದಿಗೆಲ್ಲ ತೋರಿಸುತ್ತಾರೆ.

ಅಕ್ಕನಿಗಾದದ್ದೂ ಇದೇ ಏನು? ಖಂಡಿತ ಹೇಳಲಾರೆ, ಆಗ ಯಾರೂ ರಕ್ತ ನೋಡಲಿಲ್ಲ. ಪಿತ್ತ ಎಂದರು, ಅಲ್ಲಿಗೆ ಮುಗಿಯಿತು. ಹೆಸರು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತೇವಲ್ಲ, ಯಾಕೆ? ಬಸುರಿ ಕೈಕಾಲು ಕೆರೆದುಕೊಳ್ಳುತ್ತಿದ್ದರೆ ಕಂಬಳಿ ಮಡಿಸಿಡಿ. ಡಾಕ್ಟರ ಹತ್ತಿರ ಹೊರಡಿ. ಅವತ್ತೇ.

ಅಕ್ಕ ಹೋಗಿ ವರ್ಷವಾಯಿತು. ಕೊನೆಯ ಸಲ ನೋಡಲು ಹೋದಾಗ, ಬೇಯಿಸಿದ ಕಡಲೆಕಾಯಿ ಸುಲಿದು ಅವಳ ಅಂಗೈಗೆ ಹಾಕಿದ್ದೆ. ಒಂದೊಂದೇ ಕಾಳನ್ನು ವಾಪಸ್ ನನ್ನ ಕೈಗೇ ಇಟ್ಟಳು.

"ಬೇಡ ಕಣೆ. ಪಿತ್ತ."