ಬೀದಿಯಲ್ಲಿ ಹುಗಿದ ಹೆಸರುಗಳು

ಆಗೆಲ್ಲ ಬೇಸಿಗೆ ರಜೆ ಅಂದರೆ ಚನ್ನಗಿರಿಯಿಂದ ಸಾಸ್ವೆಹಳ್ಳಿಗೆ ಬಸ್ಸು, ಹೊಳೆಯಲ್ಲಿ ಈಜು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ನಮ್ಮ ಓರಗೆಯವರಿಗೆ ಇದು ನೆನಪಿರಬೇಕು. ಐದನೇ ಕ್ಲಾಸ್ ಮುಗಿದ ವರ್ಷ ಮಾತ್ರ ನಾನು ಹೊಳೆಗೆ ಹೋಗಲಿಲ್ಲ. ಅಪ್ಪ, ಅಜ್ಜಿ, ನಾನು ಜರ್ಮನಿಗೆ ಹೋದೆವು. ಅಪ್ಪನ ತಂಗಿ ಗಿರಿಜತ್ತೆ ಅಲ್ಲಿ ಕಲೋನ್ ನಗರದಲ್ಲಿ ನರ್ಸ್ ಆಗಿದ್ದಳು. ಅವಳಿಗೆ ಕ್ಯಾನ್ಸರ್ ಆಗಿತ್ತು.

ಅಜ್ಜಿಯ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ. ಮನಸ್ಸಿನಲ್ಲಿ ಒಂದು ಹರಕೆ: ಮಗಳು ಗುಣವಾದರೆ ನಮ್ಮೂರ ಗುಡಿಯ ಬಾಗಿಲಲ್ಲಿ, ನೆಲದ ಕಲ್ಲಿನ ಮೇಲೆ ಅವಳ ಹೆಸರು ಕೆತ್ತಿಸುವುದು. ಬಂದುಹೋಗುವ ಭಕ್ತರ ಪಾದಧೂಳಿ ಹೆಸರಿನ ಮೇಲೆ ಬಿದ್ದರೆ ಹೆಸರಿನವರಿಗೆ ಒಳ್ಳೆಯದು ಎಂದು ನಮ್ಮ ಕಡೆ ಹಾಗೆ ಕೆತ್ತಿಸುತ್ತಾರೆ.

ಆಸ್ಪತ್ರೆ ಇಲ್ಲದ ದಿನ ಅತ್ತೆ ನಮ್ಮನ್ನು ಊರು ತೋರಿಸಲು ಕರೆದೊಯ್ಯುತ್ತಿದ್ದಳು. ಆಖೆನ್ ಎಂಬ ಹಳೆಯ ಪಟ್ಟಣದ ಬೀದಿಯಿಡೀ ಮಸಾಲೆ ಬಿಸ್ಕತ್ತಿನ ವಾಸನೆ. ನನಗೆ ಬಾಯಲ್ಲಿ ನೀರೂರಿತು. ಔಷಧಿಯಿಂದ ಸೋತಿದ್ದ ಅತ್ತೆ ಗೋಡೆಗೆ ಕೈಕೊಟ್ಟು ವಾಂತಿ ಮಾಡಿಕೊಂಡಳು. ಕಲೋನಿನ ದೊಡ್ಡ ಚರ್ಚು ಒಲೆಯ ಹಿಂದಿನ ಗೋಡೆಯಂತೆ ಮಸಿ ಹಿಡಿದು ನಿಂತಿತ್ತು.

"ಎಷ್ಟು ಹಳೇ ಊರಲ್ವಾ!" ಅಂದ ಅಪ್ಪ.

"ಹಳೇದು ಎಲ್ಲೈತಣ್ಣಾ? ಯುದ್ಧದಾಗೆ ಎಲ್ಲಾ ಬಿದ್ದೋಗಿತ್ತು. ಈ ಮನೆಗಳನ್ನ ಆಮೇಲೆ ಹಳೇ ಥರ ಕಟ್ಟವ್ರೆ," ಅಂದಳು ಅತ್ತೆ.

ಅಜ್ಜಿ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿದ್ದಳು. "ಅವ್ವ ಈಗ ಪೊಲೀಸ್ ಆಗ್ಯಾಳೆ," ಎಂದು ಅಪ್ಪ ರೇಗಿಸಿದ.

"ನೀನೂ ಹಾಕ್ಕಂಡು ನೋಡಲೇ, ಕಾಲಿಗೆ ಉಸಿರು ಕಟ್ತೈತೆ."

ಒಂದು ಓಣಿಯಲ್ಲಿ ನಾನು ಕಲ್ಲಿಂದ ಕಲ್ಲಿಗೆ ಕುಂಟಾಬಿಲ್ಲೆಯಂತೆ ಜಿಗಿಯುತ್ತ ಹೋಗುತ್ತಿದ್ದೆ. ಒಂದು ಮನೆಯ ಮುಂದೆ ನೆಲದಲ್ಲಿ ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳು ಸಾಲಾಗಿದ್ದವು. ಮೇಲೆ ಅಕ್ಷರ. ಅಜ್ಜಿಯ ಮುಖ ಅರಳಿತು.

"ನೋಡ್ರಪ್ಪಾ, ಇಲ್ಲೂ ನಮ್ಮಂಗೇ ಐತೆ! ಹೆಸ್ರು ಹಾಕ್ಸವ್ರೆ. ತುಳಿಯವ್ವಾ ಪುಟ್ಟಿ, ನಿನ್ ಪಾದ ಬಿದ್ರೆ ಅವ್ರಿಗೆ ಪುಣ್ಯ." ತಾನೂ ಶೂ ಕಳಚಿ ಒಂದು ಬಿಲ್ಲೆಯ ಮೇಲೆ ನಿಂತಳು. "ಗಿರಿಜಾ, ನಿನ್ ಹೆಸ್ರೂ ಹಿಂಗೇ ಬರ್ತೈತೆ. ಹರಕೆ ಹೊತ್ತೀನಿ."

"ಅವ್ವಾ, ಕಾಲು ತಗಿ."

"ಯಾಕೇ?"

"ಇವ್ರು ಈ ಮನ್ಯಾಗಿದ್ದ ಯಹೂದಿಗಳು. ಹಿಟ್ಲರ್ ಕಾಲದಾಗೆ ಎಳ್ಕಂಡೋಗಿ ಕೊಂದ್ರು. ಜನ ಮರೀಬಾರ್ದು ಅಂತ ಇಲ್ಲಿ ಹೆಸ್ರು ಇಟ್ಟವ್ರೆ."

ನಾನು ನಿಂತಿದ್ದ ಬಿಲ್ಲೆ ಯಾರದೆಂದು ಕೇಳಿದೆ. ಅತ್ತೆ ಬಗ್ಗಿ ಓದಿದಳು. "ನಿನ್ ವಾರಿಗೆಯ ಹುಡುಗಿ."

ಅಜ್ಜಿ ಚೀಲದಿಂದ ವಿಭೂತಿ ತೆಗೆದು ಅತ್ತೆಯ ಹಣೆಗೆ ತಿಕ್ಕಿದಳು. "ಬಿಡ್ತು ಅನ್ನು ಗಿರಿಜಾ, ಬಿಡ್ತು ಅನ್ನು."

"ನಾನ್ಯಾಕೆ ಅನ್ಲಿ? ಅಂದೋಳು ನೀನು," ಎಂದು ಅತ್ತೆ ನಕ್ಕಳು. ಅಜ್ಜಿ ರೈಲಿನಲ್ಲಿ ದಾರಿಯುದ್ದಕ್ಕೂ "ಬಿಡ್ತು, ಬಿಡ್ತು" ಎಂದು ಗೊಣಗುತ್ತಲೇ ಇದ್ದಳು.

ಶಾಲೆ ಶುರುವಾಗುವ ಹೊತ್ತಿಗೆ ನಾವು ವಾಪಸಾದೆವು. ದೀಪಾವಳಿಗೆ ಮೊದಲೇ ಅತ್ತೆ ತೀರಿಕೊಂಡಳು. ದೇಹ ತರುವುದು ನಮ್ಮ ಕೈಮೀರಿದ ಮಾತಾಗಿತ್ತು; ಅಲ್ಲಿಯೇ ಮಣ್ಣು ಮಾಡಿದರು. ಹೆಸರನ್ನು ಈಗಲೂ ಕೆತ್ತಿಸಬಹುದು ಎಂದು ಗುಡಿಯ ಹಿರಿಯರು ಮನೆಗೆ ಬಂದು ಹೇಳಿದರು.

"ಬ್ಯಾಡ್ರೀ," ಅಂದಳು ಅಜ್ಜಿ. "ನನ್ ಮಗಳ ಹೆಸ್ರು ತುಳಿಯಾಕೆ ಬಿಡಲ್ಲ. ಅಲ್ಲಿ ಅವಳ ತಲೆತಾವ ಕಲ್ಲು ಐತಂತೆ. ಅಷ್ಟು ಸಾಕು."

ಸಾಯುವವರೆಗೂ ಅವಳು ಆ ಕಲ್ಲನ್ನೇ ನೆಚ್ಚಿಕೊಂಡಿದ್ದಳು. ಆ ದೇಶದಲ್ಲಿ ಸಮಾಧಿಗೆ ನೆಲ ಕೊಡುವುದು ಇಂತಿಷ್ಟು ವರ್ಷಕ್ಕೆ ಮಾತ್ರ ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ಅತ್ತೆಯ ಜೊತೆ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬರು ಕಳೆದ ವರ್ಷ ಫೋನ್ ಮಾಡಿದ್ದರು. ಅವಧಿ ಮುಗಿದು ಕಲ್ಲನ್ನು ಕಿತ್ತಿದ್ದಾರಂತೆ. ಆ ಜಾಗದಲ್ಲಿ ಈಗ ಬೇರೆ ಯಾರದೋ ಹೆಸರಿದೆ.